ಸೋರುವುದು ಒಂದು ಕಡೆ, ತೋರುವುದು ಇನ್ನೊಂದು ಕಡೆ

ಗುಬ್ಬಿ, ತಿಪಟೂರು ಕಡೆಯ ತೆಂಗಿನ ತೋಟಗಳಲ್ಲಿ ಹನಿ ನೀರಾವರಿ ಮಾಡಿಕೊಂಡವರಿಗೆ ಒಂದು ವಿದ್ಯೆ ಯಾರೂ ಹೇಳಿಕೊಡದೆ ಬಂದಿರುತ್ತದೆ. ಅಳಿಲೋ ಇಲಿಯೋ ಡ್ರಿಪ್ ಪೈಪನ್ನು ಕಡಿದು ಹಾಕಿದಾಗ ಮೋಟರಿನ ಪಕ್ಕ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಅಲ್ಲಿನ ಗೇಜಿನ ಮುಳ್ಳು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ತೋಟದ ಕೊನೆಯ ಸಾಲಿನ ಬುಡಗಳಲ್ಲಿ ಹನಿ ಸೊರಗುತ್ತದೆ. ಪಳಗಿದ ರೈತ ಮೊದಲು ಹೋಗಿ ಬಗ್ಗಿ ನೋಡುವುದು ಆ ಕೊನೆಯ ಸಾಲನ್ನೇ. ಪೈಪು ಒಡೆದಿದೆ ಎಂಬುದು ಅಲ್ಲಿ ತಿಳಿಯುತ್ತದೆ. ಎಲ್ಲಿ ಒಡೆದಿದೆ ಎಂದು ತಿಳಿಯಲು ಮಾತ್ರ ಸಾಲು ಸಾಲು ಹಿಡಿದು ನಡೆಯಬೇಕು.

ತುಮಕೂರಿನ ರಸ್ತೆಗಳ ಕೆಳಗೆ ಹಾಸಿರುವ ಕುಡಿಯುವ ನೀರಿನ ಕೊಳವೆಗಳದ್ದೂ ಇದೇ ಸ್ವಭಾವ. ಅಲ್ಲಿ ನಡೆದು ನೋಡಲು ಆಗುವುದಿಲ್ಲ, ಎಲ್ಲವೂ ಡಾಂಬರು ಕಾಂಕ್ರೀಟಿನ ಅಡಿಯಲ್ಲಿದೆ ಎಂಬುದಷ್ಟೇ ವ್ಯತ್ಯಾಸ. ಹಾಗಾಗಿ ನಡೆಯುವ ಕೆಲಸವನ್ನು ಒತ್ತಡ ಅಳೆಯುವ ಸೆನ್ಸರುಗಳಿಂದ ಮಾಡಿಸುವುದು ಈಗಿನ ದಾರಿ. ಸೆನ್ಸರ್ ಕೊಳ್ಳುವುದು ಕಷ್ಟವಲ್ಲ, ದುಡ್ಡಿದ್ದರೆ ಸಾಕು. ಅದನ್ನು ಎಲ್ಲಿ ಕೂರಿಸಬೇಕು ಎಂಬಲ್ಲಿ ತಲೆ ಖರ್ಚಾಗುತ್ತದೆ. ನೀರು ಸರಬರಾಜಿನ ಬಗ್ಗೆ ಕುತೂಹಲದಿಂದ ಓದುತ್ತಾ ಹೋದ ನನಗೆ ಅತಿ ರುಚಿಸಿದ ಭಾಗವೂ ಇದೇ.

ನಮ್ಮೂರಿನ ನೀರು ಬರುವ ದಾರಿಯನ್ನು ಒಮ್ಮೆ ನೆನೆಯೋಣ. ಹಾಸನ ಜಿಲ್ಲೆಯ ಗೊರೂರಿನ ಅಣೆಕಟ್ಟೆಯಿಂದ ಹೊರಟ ಹೇಮಾವತಿ ನಾಲೆಗುಂಟ ಹರಿದು ಬುಗುಡನಹಳ್ಳಿ ಕೆರೆಗೆ ಬರಬೇಕು. ಅಲ್ಲಿ ಶುದ್ಧವಾಗಿ, ಕ್ಲೋರಿನ್ ಬೆರೆಸಿಕೊಂಡು, ಪಂಪಿನ ಬಲದಿಂದ ಓವರ್‌ಹೆಡ್ ಟ್ಯಾಂಕುಗಳನ್ನು ಏರಿ, ಆಮೇಲೆ ಬೀದಿಗಿಳಿಯಬೇಕು. ಇಷ್ಟೆಲ್ಲ ಪಯಣ ಮುಗಿಸಿದ ನೀರು ಮನೆಯಿಂದ ಹತ್ತು ಮಾರು ಈಚೆಗೆ ಮಣ್ಣುಪಾಲಾದರೆ ಅದರ ಜೊತೆ ವಿದ್ಯುತ್ತಿನ ಬಿಲ್ಲೂ ಔಷಧದ ಖರ್ಚೂ ಮಣ್ಣುಪಾಲಾಗುತ್ತವೆ.

ಎಷ್ಟು ಸೋರೀತು? ಪ್ಲಂಬರುಗಳು ಒತ್ತಡವನ್ನು ‘ಕೆ.ಜಿ.’ಯಲ್ಲಿ ಹೇಳುತ್ತಾರೆ, ಒಂದು ಕೆ.ಜಿ. ಎಂದರೆ ಸುಮಾರು 10 ಮೀಟರ್ ಎತ್ತರದ ನೀರಿನ ಕಂಬದ ಒತ್ತಡ. ಕೊಳವೆಯಲ್ಲಿ ಎರಡು ಕೆ.ಜಿ., ಅಂದರೆ 20 ಮೀಟರ್ ಒತ್ತಡ ಇದೆ, 6 ಮಿಲಿಮೀಟರ್ ಅಗಲದ ಒಂದು ತೂತು ಬಿದ್ದಿದೆ ಎಂದುಕೊಳ್ಳಿ. ಪೆನ್ಸಿಲ್ಲಿಗಿಂತ ಸಣ್ಣ ತೂತು. ಅದರಿಂದ ಸೆಕೆಂಡಿಗೆ ಮೂರನೇ ಒಂದು ಲೀಟರಿನಷ್ಟು ನೀರು ಚಿಮ್ಮುತ್ತದೆ. ದಿನವಿಡೀ ಒತ್ತಡ ಇದ್ದರೆ 29,000 ಲೀಟರ್. ನಗರವಾಸಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಅಳತೆಯಲ್ಲಿ ಇದು ಇನ್ನೂರಕ್ಕೂ ಹೆಚ್ಚು ಜನರ ಪಾಲು. ಇಷ್ಟು ನೀರು ರಸ್ತೆಯ ಮೇಲೆ ಬಂದರೆ ಮಧ್ಯಾಹ್ನದೊಳಗೆ ದೂರು ಹೋಗುತ್ತದೆ. ಆದರೆ ಬಹುಪಾಲು ಸೋರಿಕೆ ಮೇಲಕ್ಕೆ ಬರುವುದೇ ಇಲ್ಲ. ಕೊಳವೆಯ ಕೆಳಗೆ ಹಾಸಿದ ಮರಳಿನಲ್ಲೋ ಹಳೆಯ ಚರಂಡಿಯಲ್ಲೋ ಇಳಿದು ಹೋಗುತ್ತದೆ. ನಮ್ಮ ಬೀದಿಯಲ್ಲಿ ಒಂದು ಬೇಸಗೆಯಿಡೀ ಚರಂಡಿಯ ಅಂಚು ಒದ್ದೆಯಾಗಿರುತ್ತಿತ್ತು. ಒದ್ದೆಯಿದ್ದಲ್ಲಿ ಎರಡು ಸಲ ಅಗೆದರು, ಕೊಳವೆ ಗಟ್ಟಿಮುಟ್ಟಾಗಿತ್ತು. ಮೂರನೆಯ ಸಲ ಮೂರು ಮನೆ ಆಚೆ ಅಗೆದಾಗ ಜಾಯಿಂಟು ಬಿಟ್ಟುಕೊಂಡಿರುವುದು ಸಿಕ್ಕಿತು. ಮೂರು ಗುಂಡಿಗಳ ಗುರುತು ಇನ್ನೂ ಇದೆ, ಸ್ಕೂಟರ್ ಓಡಿಸುವವರ ಸೊಂಟಕ್ಕೆ ಗೊತ್ತು.

ಸೋರಿಕೆಗೂ ಒತ್ತಡಕ್ಕೂ ಇರುವ ನಂಟು ಸರಳ. ಕೊಳವೆಯಲ್ಲಿ ನೀರು ಹರಿಯುವಾಗ ಅದರ ಒಳಮೈಗೆ ಉಜ್ಜಿ ಒತ್ತಡ ಕಳೆದುಕೊಳ್ಳುತ್ತದೆ. ಹರಿವು ಹೆಚ್ಚಿದರೆ ಈ ನಷ್ಟ ಅದೇ ಪ್ರಮಾಣದಲ್ಲಿ ಏರದೆ ಇನ್ನೂ ಜೋರಾಗಿ ಏರುತ್ತದೆ. ಹರಿವು ದುಪ್ಪಟ್ಟಾದರೆ ನಷ್ಟ ಮೂರೂವರೆ ಪಟ್ಟು ದಾಟುತ್ತದೆ. ಎಲ್ಲೋ ತೂತು ಬಿದ್ದರೆ ಟ್ಯಾಂಕಿನಿಂದ ಆ ತೂತಿನವರೆಗಿನ ಕೊಳವೆಗಳಲ್ಲಿ ಹರಿವು ಹೆಚ್ಚುತ್ತದೆ, ಅಲ್ಲಿಂದ ಮುಂದಿನವರಿಗೆ ಒತ್ತಡ ಇಳಿಯುತ್ತದೆ. ಟ್ಯಾಂಕಿನ ಬುಡದಲ್ಲಿ ಒತ್ತಡವನ್ನು ನಿರ್ಧರಿಸುವುದು ಟ್ಯಾಂಕಿನ ನೀರಿನ ಮಟ್ಟ. ಊರಲ್ಲಿ ಎಲ್ಲೇ ಸೋರಿದರೂ ಅಲ್ಲಿ ಸೆನ್ಸರ್ ಇಟ್ಟವರಿಗೆ ಸುದ್ದಿ ತಲುಪುವುದಿಲ್ಲ. ಕಾವಲುಗಾರನ ಕೋಣೆ ಅಲ್ಲೇ ಇದೆ, ವಿದ್ಯುತ್ತೂ ಇದೆ, ಕಳ್ಳತನದ ಭಯವಿಲ್ಲ ಎಂದು ಅಲ್ಲಿ ಹಾಕಿಸುವ ಆಸೆ ಎಲ್ಲರಿಗೂ ಆಗುತ್ತದೆ. ನೀರಿನ ಮಟ್ಟ ನೋಡಲು ಅದು ಬೇಕು. ಸೋರಿಕೆ ಹುಡುಕಲು ಅದರಿಂದ ಪ್ರಯೋಜನವಿಲ್ಲ.

ಹಾಗಾದರೆ ತೋಟದ ರೈತನಂತೆ ಕೊನೆಯ ಸಾಲಿನಲ್ಲಿ ಇಟ್ಟರೆ? ಇಲ್ಲಿ ವಿಷಯ ಸ್ವಲ್ಪ ತಿರುವು ತೆಗೆದುಕೊಳ್ಳುತ್ತದೆ.

ಒಂದು ಪುಟ್ಟ ಬಡಾವಣೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಿ. ಟ್ಯಾಂಕಿನಿಂದ ಇಳಿದ ಕೊಳವೆ ಒಂದು ಸರ್ಕಲ್ಲಿಗೆ ಬಂದು ಎಡರಸ್ತೆ, ಬಲರಸ್ತೆ ಎಂದು ಕವಲೊಡೆಯುತ್ತದೆ. ಎರಡೂ ಕವಲುಗಳು ಸಮನಾದ ಉದ್ದ ಸಾಗಿ ಕೊನೆಯಲ್ಲಿ ಒಂದು ಗಣೇಶನ ಗುಡಿಯ ಮುಂದೆ ಮತ್ತೆ ಕೂಡುತ್ತವೆ. ಎಡರಸ್ತೆಯ ನಡುವೆ ಸೋರಿಕೆ ಆಯಿತು. ಲೆಕ್ಕಕ್ಕೆಂದು ನಾನೇ ಇಟ್ಟುಕೊಂಡ ಅಂಕಿಗಳಿವು: ಒತ್ತಡ ಸರ್ಕಲ್ಲಿನಲ್ಲಿ 10 ಸೆಂಟಿಮೀಟರ್ ಇಳಿಯಿತು, ಎಡರಸ್ತೆಯ ನಡುವೆ 30, ಗುಡಿಯ ಮುಂದೆ 23, ಬಲರಸ್ತೆಯ ನಡುವೆ 17. ಮಾರನೆಯ ವಾರ ಅದು ರಿಪೇರಿಯಾಗಿ, ಬಲರಸ್ತೆಯ ನಡುವೆ ಅಷ್ಟೇ ದೊಡ್ಡ ಸೋರಿಕೆ ಆಯಿತೆನ್ನಿ. ಈಗ ಸರ್ಕಲ್ಲಿನಲ್ಲಿ ಮತ್ತೆ 10, ಗುಡಿಯ ಮುಂದೆ ಮತ್ತೆ 23. ಎಡ ಬಲಗಳು ಮಾತ್ರ ಅದಲುಬದಲಾಗಿ ಎಡದಲ್ಲಿ 17, ಬಲದಲ್ಲಿ 30.

ಗುಡಿಯ ಮುಂದಿನ ಸೆನ್ಸರಿಗೆ ಎರಡು ಸೋರಿಕೆಗಳೂ ಚೆನ್ನಾಗಿಯೇ ಕೇಳಿಸಿದವು. ಆದರೆ ಎರಡೂ ಒಂದೇ ದನಿಯಲ್ಲಿ ಕೇಳಿಸಿದವು. ಯಾವ ರಸ್ತೆ ಅಗೆಯಬೇಕು ಎಂದು ಕೇಳಿದರೆ ಅದು ಬಾಯಿ ಬಿಡುವುದಿಲ್ಲ. ಎಡ ಬಲ ಎರಡರ ನಡುವೆಯೂ ಒಂದೊಂದು ಸೆನ್ಸರ್ ಇದ್ದಿದ್ದರೆ, ಯಾವುದರಲ್ಲಿ ಹೆಚ್ಚು ಇಳಿದಿದೆ ಎಂದು ನೋಡಿ ಮಗುವೂ ಹೇಳಬಹುದಿತ್ತು. ಈ ಕ್ಷೇತ್ರದ ಸಂಶೋಧಕರು ಮೂವತ್ತು ವರ್ಷಗಳಿಂದ ಜಗ್ಗಾಡುತ್ತಿರುವುದು ಈ ಎರಡು ಗುಣಗಳ ನಡುವೆ. ಸೋರಿಕೆ ಆಗಿದೆ ಎಂದು ಪತ್ತೆಮಾಡುವುದು ಒಂದು ಗುಣ, ಒಂದು ಸೋರಿಕೆಯನ್ನು ಇನ್ನೊಂದರಿಂದ ಬೇರ್ಪಡಿಸಿ ಹೇಳುವುದು ಇನ್ನೊಂದು ಗುಣ. ಮೊದಲನೆಯದನ್ನೇ ನೋಡಿ ಆರಿಸಿದರೆ ಎಲ್ಲ ಸೆನ್ಸರುಗಳೂ ಊರಿನ ಅಂಚಿಗೆ, ಸಣ್ಣ ಕೊಳವೆಗಳ ತುದಿಗೆ ಹೋಗಿ ಗುಂಪುಗೂಡುತ್ತವೆ. ನಕ್ಷೆಯ ಮೇಲೆ ಚೌಕುಳಿ ಹಾಕಿ ಸಮದೂರದಲ್ಲಿ ಹಂಚಿದರೆ ನೋಡಲು ನ್ಯಾಯವಾಗಿ ಕಾಣುತ್ತದೆ. ಆದರೆ ನೀರು ನಕ್ಷೆಯ ಚೌಕದಲ್ಲಿ ಹರಿಯುವುದಿಲ್ಲ. ನೂರು ಮೀಟರ್ ದೂರದ ಎರಡು ಬೀದಿಗಳು ಬೇರೆ ಬೇರೆ ಟ್ಯಾಂಕಿನವಾಗಿರಬಹುದು.

ಮೇಲಿನ ಉದಾಹರಣೆಯಲ್ಲಿ ಇನ್ನೊಂದು ಗುಟ್ಟೂ ಇದೆ. ಎಡರಸ್ತೆಯ ಸೋರಿಕೆ ದುಪ್ಪಟ್ಟಾದರೆ 10, 30, 23, 17 ಎಂಬುದು ಸರಿಸುಮಾರು 20, 60, 46, 34 ಆಗುತ್ತದೆ. ಅಂಕಿಗಳು ಬದಲಾದರೂ ಅವುಗಳ ನಡುವಿನ ಅನುಪಾತ ಹಾಗೆಯೇ ಉಳಿಯುತ್ತದೆ. ಅಂದರೆ ಪ್ರತಿ ಸ್ಥಳದ ಸೋರಿಕೆಗೂ ಒಂದು ಹೆಬ್ಬೆಟ್ಟಿನ ಗುರುತು ಇದೆ, ತೂತು ಸಣ್ಣದೋ ದೊಡ್ಡದೋ ಆ ಗುರುತು ಹೆಚ್ಚು ಬದಲಾಗುವುದಿಲ್ಲ. ಊರಿನ ಕೊಳವೆ ಜಾಲವನ್ನು ಕಂಪ್ಯೂಟರಿನಲ್ಲಿ ಕಟ್ಟಿಕೊಂಡು, ಪ್ರತಿ ಕೂಡುಬಿಂದುವಿನಲ್ಲೂ ಒಂದೊಂದಾಗಿ ಸುಳ್ಳು ಸೋರಿಕೆ ಇಟ್ಟು, ಎಲ್ಲೆಲ್ಲಿ ಎಷ್ಟೆಷ್ಟು ಒತ್ತಡ ಇಳಿಯಿತು ಎಂದು ಬರೆದುಕೊಂಡರೆ ಹೆಬ್ಬೆಟ್ಟುಗಳ ದೊಡ್ಡ ಪಟ್ಟಿ ಸಿದ್ಧವಾಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ಹೊರತಂದ ಎಪಾನೆಟ್ ಎಂಬ ತಂತ್ರಾಂಶ ಈ ಕೆಲಸಕ್ಕೆ ಇಂದಿಗೂ ಉಚಿತವಾಗಿ ಸಿಗುತ್ತದೆ. ಒತ್ತಡದ ಅಳತೆಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಸೋರಿಕೆಯ ಜಾಗ ಹಿಡಿಯುವ ದಾರಿಯನ್ನು ಪುಡಾರ್ ಮತ್ತು ಲಿಗೆಟ್ ಎಂಬ ಇಬ್ಬರು 1992ರಲ್ಲೇ ಬರೆದಿದ್ದರು. ಈಗಿನ ವಿಧಾನಗಳಲ್ಲಿ ಬಹಳಷ್ಟು ಆ ಮರದ ಕೊಂಬೆಗಳೇ.

ಪಟ್ಟಿ ಸಿದ್ಧವಾದ ಮೇಲೆ ಪ್ರಶ್ನೆ ಚುಟುಕಾಗುತ್ತದೆ: ಯಾವ ಐದು ಜಾಗಗಳ ಅಂಕಿಗಳನ್ನು ಮಾತ್ರ ನೋಡಿದರೆ ಅತಿ ಹೆಚ್ಚು ಹೆಬ್ಬೆಟ್ಟುಗಳು ಒಂದಕ್ಕಿಂತ ಒಂದು ಬೇರೆಯಾಗಿ ಕಾಣುತ್ತವೆ? ಉತ್ತರ ಚುಟುಕಲ್ಲ. 200 ಕೂಡುಬಿಂದುಗಳಲ್ಲಿ ಐದನ್ನು ಆರಿಸುವ ವಿಧಗಳು 253 ಕೋಟಿಗೂ ಹೆಚ್ಚು. ಎಲ್ಲವನ್ನೂ ಪರೀಕ್ಷಿಸುತ್ತಾ ಕೂರಲು ಆಗದು. ಹಾಗಾಗಿ ಒಳ್ಳೆಯ ತಳಿಗಳನ್ನು ಬೆರಕೆ ಮಾಡುತ್ತಾ ಹೋಗುವಂತೆ ಒಳ್ಳೆಯ ಆಯ್ಕೆಗಳನ್ನು ಬೆರೆಸುತ್ತಾ ಹೋಗುವ ವಿಧಾನ ಒಂದಿದೆ. ನನಗೆ ಹಿಡಿಸಿದ್ದು ಇನ್ನೂ ಸರಳವಾದದ್ದು. ಮೊದಲು ಒಂದೇ ಸೆನ್ಸರ್ ಇಡುವುದಾದರೆ ಎಲ್ಲಿ ಎಂದು ಹುಡುಕು, ಅದನ್ನು ಅಲ್ಲೇ ಬಿಟ್ಟು, ಅದಕ್ಕೆ ಕಾಣದ್ದನ್ನು ಹೆಚ್ಚು ತೋರಿಸುವ ಎರಡನೆಯದನ್ನು ಹುಡುಕು, ಹೀಗೆ ಮುಂದೆ. ಪರಮೋತ್ತಮ ಉತ್ತರ ಸಿಗದಿರಬಹುದು, ಅದರ ಹತ್ತಿರದ್ದು ಸಿಗುತ್ತದೆ. ಇನ್ನೊಂದು ಲಾಭವೂ ಇದೆ: ಈ ವರ್ಷ ಮೂರಕ್ಕೆ ಹಣ ಬಂದು, ಮುಂದಿನ ವರ್ಷ ಇನ್ನೆರಡಕ್ಕೆ ಬಂದರೆ ಹಳೆಯದನ್ನು ಕಿತ್ತು ಹಾಕಬೇಕಿಲ್ಲ. ನಮ್ಮಲ್ಲಿ ಹಣ ಬರುವುದೇ ಹಾಗೆ.

ಎಷ್ಟು ಸೆನ್ಸರ್ ಬೇಕು ಎಂಬುದಕ್ಕೆ ನೇರ ಉತ್ತರ ಇಲ್ಲ. ಮೊದಲ ಮೂರ್ನಾಲ್ಕು ಬಹಳ ಹೇಳುತ್ತವೆ, ಆಮೇಲಿನ ಒಂದೊಂದೂ ಸ್ವಲ್ಪ ಸ್ವಲ್ಪವೇ ಸೇರಿಸುತ್ತದೆ. ಒಂದು ಅಂದಾಜಿಗೆ ಹೇಳುವುದಾದರೆ, ಸೋರಿಕೆ ಹುಡುಕುವ ವಿಧಾನಗಳನ್ನು ಪಂದ್ಯಕ್ಕೆ ಬಿಟ್ಟು ನೋಡಲೆಂದು 2020ರಲ್ಲಿ ನಡೆದ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಕೊಟ್ಟ ಮಾದರಿ ಊರಿಗೆ 782 ಕೂಡುಬಿಂದುಗಳಿದ್ದವು, ಒತ್ತಡದ ಸೆನ್ಸರುಗಳು 33. ಸುಮಾರು 24ಕ್ಕೆ ಒಂದು. ನಮ್ಮ ಬಡಾವಣೆಗೆ ಅಷ್ಟು ಸಿಕ್ಕರೆ ಅದೃಷ್ಟ.

ಈಗ ಹೊತ್ತಿನ ವಿಷಯ. ಸೋರಿಕೆಯನ್ನು ನಡುರಾತ್ರಿ ಎರಡರಿಂದ ನಾಲ್ಕರ ನಡುವೆ ನೋಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಆಗ ಸೋರಿಕೆಯ ಗುರುತು ದೊಡ್ಡದಾಗಿರುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿದಾಗ ತಿರುಗಾಮುರುಗಾ ಆಯಿತು. 100 ಮಿಲಿಮೀಟರಿನ ಹಳೆಯ ಬೀಡುಕಬ್ಬಿಣದ ಕೊಳವೆ, ಉದ್ದ 500 ಮೀಟರ್. ರಾತ್ರಿ ಅದರಲ್ಲಿ ಸೆಕೆಂಡಿಗೆ ಒಂದು ಲೀಟರ್ ಹರಿಯುತ್ತಿದ್ದರೆ ಒತ್ತಡದ ನಷ್ಟ ಸುಮಾರು 22 ಸೆಂಟಿಮೀಟರ್. ತುದಿಯಲ್ಲಿ ಅರ್ಧ ಲೀಟರಿನ ಸೋರಿಕೆ ಸೇರಿದರೆ 46. ಅಂದರೆ ಸೋರಿಕೆಯ ಗುರುತು 24 ಸೆಂಟಿಮೀಟರ್. ಬೆಳಿಗ್ಗೆ ಅದೇ ಕೊಳವೆಯಲ್ಲಿ ನಾಲ್ಕು ಲೀಟರ್ ಹರಿಯುವಾಗ ಅದೇ ಅರ್ಧ ಲೀಟರ್ ಸೋರಿಕೆ ಉಂಟುಮಾಡುವ ಇಳಿತ 70 ಸೆಂಟಿಮೀಟರಿನ ಹತ್ತಿರ! ಹಾಗಾದರೆ ಹಗಲೇ ವಾಸಿ ಎನ್ನಬೇಕಲ್ಲವೇ? ಆದರೆ ಬೆಳಿಗ್ಗೆ ಏಳು ಗಂಟೆಗೆ ಬೀದಿಯ ಮನೆಗಳೆಲ್ಲ ಸೇರಿ ಇನ್ನೊಂದು ಲೀಟರ್ ಹೆಚ್ಚು ತೆಗೆದುಕೊಂಡರೆ ಒತ್ತಡ ಒಂದೂಕಾಲು ಮೀಟರಿಗಿಂತ ಹೆಚ್ಚು ಕುಸಿಯುತ್ತದೆ. ಸಂತೆಯಲ್ಲಿ ಒಬ್ಬ ಜೋರಾಗಿ ಕೂಗಿದರೂ ಕೇಳಿಸುವುದಿಲ್ಲ, ರಾತ್ರಿ ಪಿಸುಗುಟ್ಟಿದರೂ ಕೇಳಿಸುತ್ತದೆ. ನಡುರಾತ್ರಿಯ ಮಹತ್ವ ಸೋರಿಕೆಯ ದನಿಯಲ್ಲಿಲ್ಲ, ಊರಿನ ಮೌನದಲ್ಲಿದೆ.

ಅದೇ ಲೆಕ್ಕವನ್ನು 200 ಮಿಲಿಮೀಟರಿನ ಕೊಳವೆಗೆ ಮಾಡಿದರೆ 24 ಸೆಂಟಿಮೀಟರ್ ಇದ್ದದ್ದು ಒಂದು ಸೆಂಟಿಮೀಟರಿಗೂ ಕಡಿಮೆಯಾಗುತ್ತದೆ. ದಪ್ಪ ಕೊಳವೆಯಲ್ಲಿ ಸಣ್ಣ ಸೋರಿಕೆ ಒತ್ತಡದ ಸೆನ್ಸರಿಗೆ ಕಾಣುವುದೇ ಇಲ್ಲ. ಇದನ್ನು ಮಾರಾಟಗಾರರು ಹೇಳುವುದು ಕಡಿಮೆ.

ಸೆನ್ಸರಿನ ಗುಣಮಟ್ಟವೂ ಇಲ್ಲಿಯೇ ಪರೀಕ್ಷೆಗೆ ಬೀಳುತ್ತದೆ. ಹತ್ತು ಕೆ.ಜಿ.ವರೆಗೆ ಅಳೆಯುವ, ಶೇ. 0.25 ತಪ್ಪು ಎಂದು ಬರೆದಿರುವ ಮಾಪಕದ ತಪ್ಪು 25 ಸೆಂಟಿಮೀಟರ್. ನಾವು ಹುಡುಕುತ್ತಿರುವ ಸೋರಿಕೆಯಷ್ಟೇ ಆಯಿತು. ಓವರ್‌ಹೆಡ್ ಟ್ಯಾಂಕಿನಿಂದ ತಾನಾಗಿ ಇಳಿಯುವ ನಮ್ಮ ಬೀದಿ ಕೊಳವೆಗಳಲ್ಲಿ ಒತ್ತಡ ಮೂರು ನಾಲ್ಕು ಕೆ.ಜಿ. ದಾಟುವುದು ಅಪರೂಪ. ನಾಲ್ಕು ಕೆ.ಜಿ. ವ್ಯಾಪ್ತಿಯ ಮಾಪಕ ತಂದರೆ ಅದೇ ಶೇಕಡಾವಾರಿನಲ್ಲಿ ತಪ್ಪು 10 ಸೆಂಟಿಮೀಟರಿಗೆ ಇಳಿಯುತ್ತದೆ. ಟೆಂಡರಿನಲ್ಲಿ ‘ದೊಡ್ಡದಿರಲಿ’ ಎಂದು ಹದಿನಾರು ಕೆ.ಜಿ. ಬರೆಯುವುದು ಅಕ್ಕಸಾಲಿಗನ ಅಂಗಡಿಗೆ ಕೊಬ್ಬರಿ ಮೂಟೆ ತೂಗುವ ತಕ್ಕಡಿ ತಂದಂತೆ. ಸಮಾಧಾನದ ಸಂಗತಿಯೊಂದಿದೆ: ನಾವು ಹೋಲಿಸುವುದು ಒಂದು ಸೆನ್ಸರಿನ ಇಂದಿನ ರಾತ್ರಿಯನ್ನು ಅದರದೇ ನಿನ್ನೆಯ ರಾತ್ರಿಯೊಂದಿಗೆ. ಅಮಾನಿಕೆರೆಯ ತಗ್ಗಿನಲ್ಲಿ ಒತ್ತಡ ಹೆಚ್ಚು, ದಿಣ್ಣೆಯ ಮೇಲಿನ ಬಡಾವಣೆಯಲ್ಲಿ ಕಡಿಮೆ ಎಂಬ ನೆಲದ ಏರಿಳಿತ ಆ ಕಳೆಯುವ ಲೆಕ್ಕದಲ್ಲಿ ತಾನಾಗಿ ಮಾಯವಾಗುತ್ತದೆ. ಸದಾ ಒಂದೇ ಪ್ರಮಾಣದಲ್ಲಿ ತಪ್ಪು ಹೇಳುವ ಸೆನ್ಸರನ್ನೂ ಹೀಗೆ ಸಹಿಸಬಹುದು, ತಿಂಗಳು ತಿಂಗಳು ಜಾರುವುದನ್ನು ಸಹಿಸಲಾಗದು.

ಇಷ್ಟರವರೆಗೆ ಹೇಳಿದ್ದೆಲ್ಲ ದಿನದ 24 ಗಂಟೆಯೂ ಕೊಳವೆ ತುಂಬಿರುವ ಊರಿಗೆ ಸಲ್ಲುತ್ತದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳಲ್ಲಿ 2008ರ ಹೊತ್ತಿಗೇ ನಿರಂತರ ನೀರು ಬಂದಿತ್ತು. ಕೆಲವು ದಿನಕ್ಕೊಮ್ಮೆ, ಕೆಲವು ಗಂಟೆ ಮಾತ್ರ ನೀರು ಬಿಡುವ ಊರಿನಲ್ಲಿ ಆ ಮೌನದ ನಡುರಾತ್ರಿಯೇ ಇಲ್ಲ. ನೀರು ಬಿಟ್ಟ ಕೂಡಲೇ ಖಾಲಿ ಕೊಳವೆಯ ಗಾಳಿ ಬುಸುಗುಟ್ಟುತ್ತಾ ಹೊರಬೀಳುತ್ತದೆ, ಸೆನ್ಸರಿನ ಗೆರೆ ಹುಚ್ಚೆದ್ದು ಕುಣಿಯುತ್ತದೆ. ನಂತರ ಪ್ರತಿ ಮನೆಯ ಸಂಪೂ ಬಾಯಿ ತೆರೆದು ಕುಡಿಯುತ್ತದೆ. ಸಂಪು ತುಂಬಿದ ಮೇಲೆ ನಲ್ಲಿ ನಿಲ್ಲಿಸುವ ಫ್ಲೋಟ್ ವಾಲ್ವ್ ಇಲ್ಲದ ಮನೆಯ ನೀರು ಉಕ್ಕಿ ಚರಂಡಿಗೆ ಹೋಗುತ್ತಿದ್ದರೆ ಒತ್ತಡದ ಲೆಕ್ಕದಲ್ಲಿ ಅದೂ ಒಂದು ಸೋರಿಕೆಯೇ. ಮುಖ್ಯ ಕೊಳವೆಗೆ ನೇರವಾಗಿ ಮೋಟರ್ ಹಚ್ಚಿ ಎಳೆಯುವವರ ಸಂಗತಿ ಬೇರೆಯೇ. ಅವರು ಗುಂಡಿ ಒತ್ತಿದ ಕ್ಷಣ ಅಕ್ಕಪಕ್ಕದ ಒತ್ತಡ ದಿಢೀರನೆ ಕುಸಿದು, ಸ್ವಲ್ಪ ಹೊತ್ತಿನ ಮೇಲೆ ಅಷ್ಟೇ ದಿಢೀರನೆ ಏಳುತ್ತದೆ. ಸೋರಿಕೆ ಹಾಗೆ ವಿರಾಮ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಗೆರೆ ನೋಡಿದವರಿಗೆ ಕಳ್ಳ ಯಾರೆಂದಲ್ಲದಿದ್ದರೂ ಕಳ್ಳತನ ಎಂದು ತಿಳಿಯುತ್ತದೆ.

ಇಂಥ ಊರಿನಲ್ಲಿ ಉಪಯೋಗಕ್ಕೆ ಬರುವ ಮೌನ ಬೇರೆ ಕಡೆ ಇದೆ. ಸರಬರಾಜಿನ ಕೊನೆಯ ಅರ್ಧ ಗಂಟೆಯಲ್ಲಿ ಬಹುಪಾಲು ಸಂಪುಗಳು ತುಂಬಿ ಬೀದಿ ತಣ್ಣಗಾಗಿರುತ್ತದೆ. ಸಾಧ್ಯವಾದರೆ ಒಂದು ರಾತ್ರಿ ಒಂದೇ ಬಡಾವಣೆಗೆ ಬೆಳಗಿನವರೆಗೂ ನೀರು ಬಿಟ್ಟು, ಸುತ್ತಲಿನ ವಾಲ್ವ್‌ಗಳನ್ನು ಮುಚ್ಚಿ ನೋಡಬಹುದು. ಹೀಗೆ ಮಾಡಿದರೆ ಶಾಶ್ವತ ಸೆನ್ಸರುಗಳೂ ಬೇಕಿಲ್ಲ. ನಾಲ್ಕೈದನ್ನು ಚೀಲದಲ್ಲಿ ಹಾಕಿಕೊಂಡು ಬಡಾವಣೆಯಿಂದ ಬಡಾವಣೆಗೆ ಸಾಗಿಸಬಹುದು. ಸಣ್ಣ ಪುರಸಭೆಗಳಿಗೆ ನನ್ನ ಮತ ಇದಕ್ಕೇ.

ಕಂಪ್ಯೂಟರ್ ಸೂಚಿಸಿದ ಜಾಗದಲ್ಲಿ ಸೆನ್ಸರ್ ಕೂರಿಸಲು ಹೋದಾಗ ನೆಲದ ಸತ್ಯ ಎದುರಾಗುತ್ತದೆ. ಅಲ್ಲಿ ಗುಂಡಿ ತೋಡಲು ಜಾಗ ಇಲ್ಲದಿರಬಹುದು, ಮಳೆಗಾಲದಲ್ಲಿ ಚೇಂಬರ್ ಕೆಸರು ತುಂಬಿ ಮುಳುಗಬಹುದು, ಕಬ್ಬಿಣದ ಮುಚ್ಚಳದ ಕೆಳಗೆ ಮೊಬೈಲ್ ಸಿಗ್ನಲ್ ಸಿಗದಿರಬಹುದು, ಮುಚ್ಚಳವನ್ನೇ ಯಾರೋ ಗುಜರಿಗೆ ಹಾಕಬಹುದು. ಶಾಲೆಯ ಅಂಗಳ, ಅಂಗನವಾಡಿ, ಪಾರ್ಕಿನ ಬೇಲಿಯ ಒಳಗೆ ಇಂಥ ಕಡೆ ಸಿಗುವ ಜಾಗಗಳನ್ನು ಮೊದಲೇ ಗುರುತಿಸಿ, ಅವುಗಳಲ್ಲೇ ಆರಿಸು ಎಂದು ಕಂಪ್ಯೂಟರಿಗೆ ಹೇಳುವುದು ಜಾಣತನ. ಉತ್ತರ ಸ್ವಲ್ಪ ಕೆಳದರ್ಜೆಯದಾದರೂ ನಿಲ್ಲುವ ಉತ್ತರವಾಗುತ್ತದೆ. ಮನೆಯೊಂದರ ನಲ್ಲಿಗೆ ಹೋಗುವ ಸಣ್ಣ ಪೈಪಿಗೆ ಮಾತ್ರ ಸೆನ್ಸರ್ ಹಚ್ಚಬಾರದು. ಆ ಮನೆಯವರು ಬಕೆಟ್ಟಿಗೆ ನೀರು ಬಿಟ್ಟಾಗಲೆಲ್ಲ ಊರು ಸೋರುತ್ತಿದೆ ಎಂಬ ಸುದ್ದಿ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ನಕ್ಷೆಯದು. ಹೆಬ್ಬೆಟ್ಟುಗಳ ಪಟ್ಟಿ ಸರಿಯಿರಬೇಕಾದರೆ ಯಾವ ಕೊಳವೆ ಎಲ್ಲಿಗೆ ಕೂಡಿದೆ, ಯಾವ ವಾಲ್ವ್ ತೆರೆದಿದೆ ಎಂಬುದು ಸರಿಯಾಗಿ ಗೊತ್ತಿರಬೇಕು. ಕಾಗದದಲ್ಲಿ ಪೂರ್ತಿ ತೆರೆದಿರುವ ವಾಲ್ವ್ ನೆಲದಡಿ ಅರ್ಧ ಮುಚ್ಚಿ ತುಕ್ಕು ಹಿಡಿದು ಕೂತಿದ್ದರೆ ಅದರ ಮುಂದೆ ಒತ್ತಡ ಇಳಿಯುತ್ತದೆ, ಕಂಪ್ಯೂಟರ್ ಅಲ್ಲಿ ಸೋರಿಕೆ ಇದೆ ಎಂದು ಬೆರಳು ತೋರಿಸುತ್ತದೆ. ಆ ವಾಲ್ವ್ ಯಾವಾಗಿನಿಂದ ಹಾಗಿದೆ, ಎಷ್ಟು ಸುತ್ತು ತಿರುಗುತ್ತದೆ ಎಂಬುದು ಬರೆದಿರುವುದು ದಿನವೂ ಉದ್ದ ಕೀಲಿ ಹೆಗಲಿಗೇರಿಸಿಕೊಂಡು ಬರುವ ನೀರುಗಂಟಿಯ ತಲೆಯಲ್ಲಿ ಮಾತ್ರ. ಕೆರೆ ನೀರನ್ನು ಗದ್ದೆಗೆ ಹಂಚುತ್ತಿದ್ದ ಕಾಲದಿಂದ ಬಂದ ಹೆಸರು ಅದು. ಸೆನ್ಸರಿನ ಜಾಗ ಗುರುತಿಸುವ ಸಭೆಯಲ್ಲಿ ಅವರಿಗೊಂದು ಕುರ್ಚಿ ಹಾಕದೆ ಮಾಡಿದ ನಕ್ಷೆಯನ್ನು ನಾನು ನಂಬುವುದಿಲ್ಲ.

ಎಲ್ಲವೂ ಸರಿಹೋದರೂ ಒತ್ತಡದ ಲೆಕ್ಕ ತೋರಿಸುವುದು ಒಂದು ಬೀದಿಯನ್ನು, ಹೆಚ್ಚೆಂದರೆ ಬೀದಿಯ ಒಂದು ತುಂಡನ್ನು. ಗುದ್ದಲಿ ಹಾಕುವ ಜಾಗ ತಿಳಿಯಲು ರಾತ್ರಿ ಹೊತ್ತು ಕಬ್ಬಿಣದ ಕೋಲಿನ ಒಂದು ತುದಿಯನ್ನು ಕೊಳವೆಗೆ ಅಥವಾ ವಾಲ್ವ್‌ಗೆ ಊರಿ, ಇನ್ನೊಂದು ತುದಿಗೆ ಕಿವಿಗೊಟ್ಟು ಕೇಳುವ ಹಳೆಯ ಕ್ರಮವೇ ಬೇಕು, ಇಲ್ಲವೇ ಅದರ ಎಲೆಕ್ಟ್ರಾನಿಕ್ ತಮ್ಮ. ಕಬ್ಬಿಣದ ಕೊಳವೆಯಲ್ಲಿ ಸೋರಿಕೆಯ ಸದ್ದು ದೂರ ಸಾಗುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಬೇಗ ಸಾಯುತ್ತದೆ. ಊರಿಡೀ ಕಿವಿಗೊಡುತ್ತಾ ತಿರುಗುವ ಬದಲು ಒಂದು ಬೀದಿಗೆ ಕಿವಿಗೊಟ್ಟರೆ ಸಾಕಾಗುವಂತೆ ಮಾಡಿದ್ದು ಸೆನ್ಸರುಗಳ ಸಾಧನೆ.

ರಿಪೇರಿ ಮುಗಿಸಿ ಮಣ್ಣು ಮುಚ್ಚಿದ ಮೇಲೆ ಸೆನ್ಸರನ್ನು ಬಿಚ್ಚಿಕೊಂಡು ಹೋಗುವ ಅವಸರ ಬೇಡ. ಮುಂದಿನ ಕೆಲವು ರಾತ್ರಿ ಅದನ್ನೇ ನೋಡುತ್ತಿರಬೇಕು. ತೂತು ಮುಚ್ಚಿದ್ದರಿಂದ ಕೊಳವೆಯ ಒತ್ತಡ ಏರಿರುತ್ತದೆ, ಆ ಏರಿದ ಒತ್ತಡ ಅದೇ ಬೀದಿಯ ಉಳಿದ ಹಳೆಯ ಜಾಯಿಂಟುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿರುತ್ತದೆ.